ಬಾವಿಕಟ್ಟೆಯ ಹೊಗೆಗೆ ಬೆಲೆ ಕಟ್ಟಿದವರು

ಉತ್ತರ ಸಮುದ್ರದಲ್ಲಿ, ನಾರ್ವೆಯ ತೀರದಿಂದ ಸುಮಾರು 250 ಕಿಲೋಮೀಟರ್ ಒಳಗೆ ಸ್ಲೈಪ್ನರ್ ಎಂಬ ಅನಿಲ ಕ್ಷೇತ್ರವಿದೆ. ಅಲ್ಲಿನ ಅನಿಲಕ್ಕೆ ಹುಟ್ಟಿನಿಂದಲೇ ಒಂದು ಕುಂದು. ಅದರಲ್ಲಿ ನೂರಕ್ಕೆ ಒಂಬತ್ತರ ಆಸುಪಾಸು ಇಂಗಾಲದ ಡೈಆಕ್ಸೈಡ್ ಬೆರೆತಿದೆ. ಅದು ಎರಡೂವರೆ ಪಾಲು ದಾಟಿದರೆ ಯುರೋಪಿನ ಗಿರಾಕಿಗಳು ಮುಟ್ಟುವುದಿಲ್ಲ. ಹಾಗಾಗಿ ಕಡಲ ಮೇಲಿನ ಪ್ಲಾಟ್‌ಫಾರ್ಮಿನಲ್ಲೇ ಅನಿಲವನ್ನು ಅಮೀನ್ ದ್ರಾವಣದಲ್ಲಿ ತೊಳೆದು, ಬೇಡದ್ದನ್ನು ಬೇರ್ಪಡಿಸಬೇಕು. ಬೇರ್ಪಡಿಸಿದ್ದನ್ನು ಏನು ಮಾಡುವುದು? ತೈಲೋದ್ಯಮಕ್ಕೆ ಅಲ್ಲಿಯವರೆಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಆಕಾಶ ಇದ್ದೇ ಇತ್ತು, ಪುಕ್ಕಟೆಯಾಗಿ.

1991ರಲ್ಲಿ ನಾರ್ವೆ ಸರ್ಕಾರ ಆ ಪುಕ್ಕಟೆಯನ್ನು ನಿಲ್ಲಿಸಿತು. ಕಡಲ ಮೇಲೆ ಅನಿಲ ಸುಟ್ಟರೂ, ಸುಮ್ಮನೆ ಗಾಳಿಗೆ ಬಿಟ್ಟರೂ ಕಾರ್ಬನ್ ತೆರಿಗೆ ಕಟ್ಟಬೇಕೆಂದಿತು. ಆ ದಶಕದ ನಡುವಿನ ಹೊತ್ತಿಗೆ ತೆರಿಗೆ ಟನ್ನಿಗೆ 50 ಡಾಲರ್ ಸಮೀಪಿಸಿತ್ತು. ವರ್ಷಕ್ಕೆ ಹತ್ತಿರಹತ್ತಿರ 10 ಲಕ್ಷ ಟನ್ ಬಿಡಬೇಕಾಗಿದ್ದ ಸ್ಟಾಟ್‌ಆಯಿಲ್ ಕಂಪನಿ (ಈಗಿನ ಹೆಸರು ಈಕ್ವಿನಾರ್) ಕೂತು ಲೆಕ್ಕ ಹಾಕಿತು. ತೆರಿಗೆ ಕಟ್ಟುವುದಕ್ಕಿಂತ ನೆಲದೊಳಗೆ ತುಂಬುವುದೇ ಅಗ್ಗ ಎಂದು ತೇಲಿತು. ಕಡಲ ತಳದಿಂದ 800 ಮೀಟರಿಗೂ ಆಳದಲ್ಲಿ ಉಟ್ಸಿರಾ ಎಂಬ ಮರಳುಗಲ್ಲಿನ ಪದರವಿದೆ. ಅದರ ರಂಧ್ರಗಳಲ್ಲಿ ಉಪ್ಪುನೀರು, ಮೇಲೆ ಗಟ್ಟಿ ಜೇಡಿಶಿಲೆಯ ಹೊದಿಕೆ. 1996ರಲ್ಲಿ ಅಲ್ಲಿಗೆ ಕೊಳವೆ ಇಳಿಸಿ ಒತ್ತಡದಲ್ಲಿ ತುಂಬತೊಡಗಿದರು. ವಾತಾವರಣದ ಸಲುವಾಗಿ ಇಂಗಾಲವನ್ನು ಹೂಳುವ ಕೆಲಸ ವಾಣಿಜ್ಯ ಪ್ರಮಾಣದಲ್ಲಿ ಜಗತ್ತಿನಲ್ಲಿ ಶುರುವಾದದ್ದು ಹೀಗೆ. ಯಾರ ಮನಸ್ಸೂ ಕರಗಿರಲಿಲ್ಲ. ಬಿಲ್ಲು ಬಂದಿತ್ತು, ಅಷ್ಟೆ.

ಹವಾಮಾನದ ಮಾತು ಬಂದಾಗಲೆಲ್ಲ ನಾವು ಪೆಟ್ರೋಲು ಬಂಕಿನಿಂದ ಈಚೆಗಿನ ಕಥೆಯನ್ನೇ ಹೇಳಿಕೊಳ್ಳುತ್ತೇವೆ. ಕಾರು, ಬಸ್ಸು, ವಿಮಾನ, ವಿದ್ಯುತ್ ಸ್ಥಾವರ. ಬಂಕಿನಿಂದ ಆಚೆಗೂ ಒಂದು ಕಥೆಯಿದೆ. ಎಣ್ಣೆಯನ್ನು ನೆಲದಿಂದ ಎತ್ತಲು, ಕೊಳವೆಯಲ್ಲಿ ತಳ್ಳಲು, ಹಡಗಿನಲ್ಲಿ ಸಾಗಿಸಲು, ರಿಫೈನರಿಯಲ್ಲಿ ಕಾಯಿಸಲು ಇಂಧನವೇ ಬೇಕು. ಈ ಕೆಲಸದಲ್ಲಿ ಉರಿದದ್ದು, ಸೋರಿದ್ದು ಎಲ್ಲವನ್ನೂ ಕೂಡಿದರೆ 2022ರಲ್ಲಿ 510 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ ಎನ್ನುತ್ತದೆ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ. ಇಂಧನ ವಲಯದ ಒಟ್ಟು ಹೊರಸೂಸುವಿಕೆಯಲ್ಲಿ ಇದು ನೂರಕ್ಕೆ 15ರಷ್ಟು. ಮಾರುವ ಸರಕು ಗಿರಾಕಿಯ ಕೈ ಸೇರುವ ಮೊದಲೇ ಆಗಿಹೋದ ಖರ್ಚು ಇದು.

ಇದರಲ್ಲಿ ಕಣ್ಣಿಗೆ ರಾಚುವುದು ಫ್ಲೇರ್, ಅಂದರೆ ಚಿಮಣಿಯ ತುದಿಯಲ್ಲಿ ಹಗಲೂ ರಾತ್ರಿ ಉರಿಯುವ ಜ್ವಾಲೆ. ಸುರತ್ಕಲ್ ಕಡೆಯಿಂದ ರಾತ್ರಿ ಹೊತ್ತು ಬಂದವರಿಗೆ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯ ಜ್ವಾಲೆ ಗುರುತು ಇರುತ್ತದೆ. ಆದರೆ ರಿಫೈನರಿಯ ಜ್ವಾಲೆ ಮುಖ್ಯವಾಗಿ ಸುರಕ್ಷತೆಗಾಗಿ ಇರುವಂಥದ್ದು. ಒಳಗೆ ಒತ್ತಡ ಏರಿದರೆ ಅನಿಲವನ್ನು ಹೊರಗೆ ಹಾಯಿಸಿ ಸುಟ್ಟುಬಿಡಬೇಕು, ಇಲ್ಲವಾದರೆ ಅನಾಹುತ. ತೈಲಬಾವಿಗಳ ಪಕ್ಕದಲ್ಲಿ ಉರಿಯುವ ಜ್ವಾಲೆಗಳ ಕಥೆಯೇ ಬೇರೆ. ಆಳದಲ್ಲಿ ಭಾರಿ ಒತ್ತಡದಲ್ಲಿರುವ ಎಣ್ಣೆಯಲ್ಲಿ ಅನಿಲ ಕರಗಿರುತ್ತದೆ. ಮೇಲಕ್ಕೆ ಬಂದ ಕೂಡಲೇ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವ ಹಾಗೆ, ಬುಸ್ಸೆಂದು ಬೇರ್ಪಡುತ್ತದೆ. ಎಣ್ಣೆಯನ್ನು ಪೀಪಾಯಿಯಲ್ಲೋ ಟ್ಯಾಂಕರಿನಲ್ಲೋ ತುಂಬಿ ಮಾರಬಹುದು. ಅನಿಲ ಮಾರಲು ಪೈಪ್‌ಲೈನ್ ಬೇಕು, ಕಂಪ್ರೆಸರ್ ಬೇಕು, ಆಚೆ ತುದಿಯಲ್ಲಿ ಕೊಳ್ಳುವವನು ಬೇಕು. ಬಾವಿ ಒಂಟಿಯಾಗಿ ಮರುಭೂಮಿಯಲ್ಲೋ ಜೌಗಿನಲ್ಲೋ ಇದ್ದರೆ ಇದೆಲ್ಲ ಎಲ್ಲಿಂದ ಬರಬೇಕು? ಕಡ್ಡಿ ಗೀರಿದರೆ ಮುಗಿಯಿತು.

ವಿಶ್ವಬ್ಯಾಂಕಿನ ಲೆಕ್ಕದಂತೆ 2024ರಲ್ಲಿ ಹೀಗೆ ಸುಟ್ಟ ಅನಿಲ 15,100 ಕೋಟಿ ಘನ ಮೀಟರ್. ಭಾರತ ಇಡೀ ವರ್ಷ ಬಳಸುವ ನೈಸರ್ಗಿಕ ಅನಿಲದ ಎರಡು ಪಟ್ಟು. ಇದರಲ್ಲಿ ಮುಕ್ಕಾಲು ಪಾಲು ಸುಡುವುದು ಒಂಬತ್ತೇ ದೇಶಗಳು: ರಷ್ಯಾ, ಇರಾನ್, ಇರಾಕ್, ಅಮೆರಿಕ, ವೆನೆಜುವೆಲಾ, ಅಲ್ಜೀರಿಯಾ, ಲಿಬಿಯಾ, ನೈಜೀರಿಯಾ, ಮೆಕ್ಸಿಕೊ. 2030ರ ಒಳಗೆ ದಿನನಿತ್ಯದ ಫ್ಲೇರಿಂಗ್ ಪೂರ್ತಿ ನಿಲ್ಲಿಸುತ್ತೇವೆಂದು 2015ರಿಂದ ಸರ್ಕಾರಗಳೂ ಕಂಪನಿಗಳೂ ವಿಶ್ವಬ್ಯಾಂಕಿನ ಮುಂದೆ ಸಹಿ ಹಾಕುತ್ತ ಬಂದಿವೆ. ಸಹಿಗಳ ಪಟ್ಟಿ ಬೆಳೆದಿದೆ. ಜ್ವಾಲೆ ಇಳಿದಿಲ್ಲ, 2023, 2024 ಎರಡೂ ವರ್ಷ ಏರಿದೆ.

ನೈಜೀರಿಯಾದ ಉದಾಹರಣೆ ನೋಡಿ. ಅನಿಲ ಸುಡುವುದು ತಪ್ಪೆಂದು ಆ ದೇಶಕ್ಕೆ ಗೊತ್ತಾದದ್ದು ನಿನ್ನೆ ಮೊನ್ನೆಯಲ್ಲ. ಅನಿಲವನ್ನು ಬಾವಿಗೆ ಮರಳಿ ತುಂಬಬೇಕೆಂಬ ಕಾನೂನು ಬಂದದ್ದು 1979ರಲ್ಲಿ. 1984ರ ಜನವರಿಯಿಂದ ಅನುಮತಿ ಇಲ್ಲದೆ ಸುಡುವ ಹಾಗಿಲ್ಲ ಎಂದೂ ಬರೆದರು. ಆದರೆ ಅನುಮತಿ ಸಿಗುತ್ತಿತ್ತು, ದಂಡವೋ ಚಿಲ್ಲರೆ ಕಾಸು. ಕೊಳವೆ ಹಾಕುವ ಖರ್ಚಿನ ಮುಂದೆ ದಂಡ ಕಟ್ಟಿ ಕೈತೊಳೆದುಕೊಳ್ಳುವುದೇ ಲಾಭವಾಗಿತ್ತು. ನೈಜರ್ ನದಿಯ ಮುಖಜಭೂಮಿಯಲ್ಲಿ ಊರ ಪಕ್ಕದಲ್ಲೇ ನೆಲಮಟ್ಟದಲ್ಲಿ ಜ್ವಾಲೆ ಉರಿಯುವ ಜಾಗಗಳಿವೆ. ಅಲ್ಲಿನ ಹೆಂಗಸರು ಮರಗೆಣಸಿನ ಹಿಟ್ಟನ್ನು ತಟ್ಟಿ, ಆ ಬೆಂಕಿಯ ಕಾವಿಗೆ ಒಡ್ಡಿ ಒಣಗಿಸುತ್ತಾರೆ. ಬಿಸಿಲಿಗಿಂತ ಬೇಗ ಒಣಗುತ್ತದೆ, ಸೌದೆ ಖರ್ಚಿಲ್ಲ. ಹೊಗೆ ಕುಡಿದುಕೊಂಡೇ ದುಡಿಯಬೇಕು. ತಮ್ಮ ಮನೆಯಲ್ಲಿ ಒಲೆಗೆ ಅನಿಲವಿಲ್ಲ, ಪಕ್ಕದ ಹೊಲದಲ್ಲಿ ಅದೇ ಅನಿಲ ದಶಕಗಳಿಂದ ಸುಮ್ಮನೆ ಉರಿಯುತ್ತಿದೆ. ಇವೆರೆಕಾನ್ ಎಂಬಲ್ಲಿನ ಜನ ಕೋರ್ಟಿಗೆ ಹೋದರು. 2005ರ ನವೆಂಬರಿನಲ್ಲಿ ಅಲ್ಲಿನ ಫೆಡರಲ್ ಹೈಕೋರ್ಟು ಈ ಸುಡುವಿಕೆ ಬದುಕುವ ಹಕ್ಕಿಗೇ ವಿರುದ್ಧ ಎಂದು ತೀರ್ಪಿತ್ತಿತು. ತೀರ್ಪಿನಿಂದ ಬೆಂಕಿ ಆರಲಿಲ್ಲ. ನೈಜೀರಿಯಾದಲ್ಲಿ ಜ್ವಾಲೆ ಇಳಿಯತೊಡಗಿದ್ದು ಬಾನಿಯಲ್ಲಿ ಅನಿಲವನ್ನು ದ್ರವವಾಗಿಸಿ ಹಡಗಿಗೆ ತುಂಬುವ ಸ್ಥಾವರ 1999ರಲ್ಲಿ ಶುರುವಾಗಿ, ಆ ಅನಿಲಕ್ಕೊಬ್ಬ ಗಿರಾಕಿ ಹುಟ್ಟಿದ ಮೇಲೆ.

ನಾರ್ವೆ ಈ ಪಾಠವನ್ನು ಮೊದಲೇ ಕಲಿತಿತ್ತು. ಏಕೋಫಿಸ್ಕ್ ಕ್ಷೇತ್ರದಿಂದ ಎಣ್ಣೆ ಬರತೊಡಗಿದ 1971ರಲ್ಲೇ ಅಲ್ಲಿನ ಸಂಸತ್ತು ತೈಲನೀತಿಗೆ ಹತ್ತು ಸೂತ್ರಗಳನ್ನು ಒಪ್ಪಿತು. ಪರೀಕ್ಷೆಯ ಅಲ್ಪಾವಧಿ ಬಿಟ್ಟರೆ ಬಳಸಬಹುದಾದ ಅನಿಲವನ್ನು ಸುಡುವ ಹಾಗಿಲ್ಲ ಎಂಬುದು ಅವುಗಳಲ್ಲೊಂದು. ಹವಾಮಾನ ಬದಲಾವಣೆ ಎಂಬ ಮಾತು ಆಗ ವಿಜ್ಞಾನಿಗಳ ಕೋಣೆಯಿಂದ ಹೊರಬಂದಿರಲಿಲ್ಲ. ದೇಶದ ಸಂಪತ್ತು ಹಾಳಾಗಬಾರದು ಎಂಬ ಜಿಪುಣತನವಷ್ಟೇ ಕಾರಣ. ಅನಿಲಕ್ಕೆ ದಾರಿ ತೋರಿಸದೆ ಎಣ್ಣೆ ತೆಗೆಯಲು ಪರವಾನಗಿಯೇ ಇಲ್ಲ ಎಂದರೆ ಕಂಪನಿ ಮೊದಲ ನಕ್ಷೆಯಲ್ಲೇ ಕೊಳವೆಯನ್ನೂ ಬರೆಯುತ್ತದೆ. ಬಾವಿ ಕೊರೆದಾದ ಮೇಲೆ ಕೊಳವೆ ಹಾಕಿ ಎಂದರೆ ಕಾರಣಗಳನ್ನು ಬರೆಯುತ್ತದೆ.

ಜಿಪುಣತನಕ್ಕೂ ಮಾರುಕಟ್ಟೆಗೂ ಇರುವ ನಂಟು ಅಮೆರಿಕದ ಟೆಕ್ಸಸ್‌ನಲ್ಲಿ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿನ ಪರ್ಮಿಯನ್ ಬೇಸಿನ್ನಿನಲ್ಲಿ ಕಂಪನಿಗಳು ಕೊರೆಯುವುದು ಎಣ್ಣೆಗಾಗಿ, ಅನಿಲ ಅದರ ಬೆನ್ನಿಗೆ ಬಂದ ತಲೆನೋವು. ವಾಹಾ ಎಂಬಲ್ಲಿನ ಅನಿಲ ಮಾರುಕಟ್ಟೆಯಲ್ಲಿ ಕೆಲವು ದಿನ ದರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಂದರೆ ಅನಿಲ ಕೊಂಡುಹೋಗಿ ಎಂದು ಮಾರುವವನೇ ದುಡ್ಡು ಕೊಡಬೇಕು. ಅಂಥ ದಿನ ಬೆಂಕಿ ಹಚ್ಚುವವನಿಗೆ ಧರ್ಮೋಪದೇಶ ಮಾಡಿ ಏನು ಪ್ರಯೋಜನ?

ಹೋಗಲಿ, ಹಚ್ಚಿದ ಬೆಂಕಿಯಾದರೂ ಸರಿಯಾಗಿ ಉರಿಯುತ್ತದೆಯೇ? ಸುಟ್ಟರೆ ಇಂಗಾಲದ ಡೈಆಕ್ಸೈಡು, ಸುಡದಿದ್ದರೆ ಮೀಥೇನು. ಇಪ್ಪತ್ತು ವರ್ಷದ ಅವಧಿಯಲ್ಲಿ ನೋಡಿದರೆ ಮೀಥೇನು ಭೂಮಿಯನ್ನು ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಕಾಯಿಸುತ್ತದೆ. ಫ್ಲೇರಿಗೆ ಹೋದ ಅನಿಲದಲ್ಲಿ ನೂರಕ್ಕೆ 98 ಪಾಲು ಸುಟ್ಟುಹೋಗುತ್ತದೆ ಎಂದು ಕಾಗದದ ಲೆಕ್ಕ ಹೇಳುತ್ತಿತ್ತು. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಟೆಕ್ಸಸ್ ಮತ್ತು ನಾರ್ತ್ ಡಕೋಟಾದ ತೈಲಕ್ಷೇತ್ರಗಳಲ್ಲಿ ವಿಮಾನ ಹಾರಿಸಿ ಜ್ವಾಲೆಗಳ ಹೊಗೆಯೊಳಗೇ ಹಾದು ಅಳೆದರು. 2022ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ನಾಶವಾಗುತ್ತಿದ್ದದ್ದು ಸುಮಾರು 91 ಪಾಲು ಮಾತ್ರ. ಗಾಳಿ ಜೋರಾದರೆ ಜ್ವಾಲೆ ಹರಿದುಹೋಗುತ್ತದೆ. ಕೆಲವು ಚಿಮಣಿಗಳಲ್ಲಿ ದೀಪವೇ ಆರಿತ್ತು. ಅನಿಲ ಹಾಗೆಯೇ ಹೊರಹೋಗುತ್ತಿತ್ತು, ಯಾರಿಗೂ ಕಾಣದಂತೆ. ಸರ್ಕಾರದ ಲೆಕ್ಕದಲ್ಲಿದ್ದದ್ದಕ್ಕಿಂತ ಐದು ಪಟ್ಟು ಮೀಥೇನು!

ಈ ಕಾಣದ ಸೋರಿಕೆಯೇ ಎಲ್ಲಕ್ಕಿಂತ ಅಗ್ಗದಲ್ಲಿ ಸರಿಪಡಿಸಬಹುದಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನಾಚಿಕೆಗೇಡಿನದು. ಬಾವಿಯ ಅಂಗಳವೊಂದನ್ನು ಹತ್ತಿರದಿಂದ ನೋಡೋಣ. ವಿದ್ಯುತ್ ತಂತಿ ಬಾರದ ಜಾಗ. ಅಲ್ಲಿನ ವಾಲ್ವುಗಳು ತೆರೆದು ಮುಚ್ಚಿಕೊಳ್ಳಲು ಶಕ್ತಿ ಎಲ್ಲಿಂದ? ಬಾವಿಯ ಅನಿಲದ ಒತ್ತಡದಿಂದಲೇ. ವಾಲ್ವು ಒಮ್ಮೆ ಅಲುಗಿದರೆ ಒಂದಿಷ್ಟು ಅನಿಲ 'ಟುಸ್' ಎಂದು ಹೊರಗೆ. ಇದು ಕೆಟ್ಟುಹೋದ ಉಪಕರಣವಲ್ಲ, ಕೆಲಸ ಮಾಡುವ ರೀತಿಯೇ ಹಾಗೆ. ಒಂದು ವಾಲ್ವಿನದು ಲೆಕ್ಕಕ್ಕಿಲ್ಲ. ಇಂಥವು ಲಕ್ಷಗಟ್ಟಲೆ ಇವೆ. ಅನಿಲದ ಬದಲು ಸಂಪೀಡಿತ ಗಾಳಿ ಕೊಟ್ಟರೆ, ಅಥವಾ ಒಂದು ಸೌರಫಲಕ ಇಟ್ಟು ವಿದ್ಯುತ್ ವಾಲ್ವು ಹಾಕಿದರೆ ಸಮಸ್ಯೆ ಮುಗಿಯಿತು. ಪಕ್ಕದಲ್ಲಿ ಕಚ್ಚಾತೈಲದ ಟ್ಯಾಂಕು. ಅದರ ನೆತ್ತಿಯಲ್ಲಿ ಮಾದರಿ ತೆಗೆಯಲು, ಮಟ್ಟ ನೋಡಲು ಒಂದು ಮುಚ್ಚಳ. ಅಳತೆ ನೋಡಿದವನು ಸರಿಯಾಗಿ ಮುಚ್ಚದೆ ಇಳಿದಿರುತ್ತಾನೆ, ಇಲ್ಲವೇ ರಬ್ಬರ್ ಸವೆದಿರುತ್ತದೆ. ಬರಿಗಣ್ಣಿಗೆ ನೀಲಿ ಆಕಾಶ. ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದರೆ ಅದೇ ಮುಚ್ಚಳದಿಂದ ಕಪ್ಪು ಹೊಗೆಯಂತೆ ಮೀಥೇನು ಎದ್ದು ಹೋಗುವುದು ಕಾಣುತ್ತದೆ. ದುರಸ್ತಿಗೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ತಿಂಗಳಿಗೊಮ್ಮೆ ಕ್ಯಾಮೆರಾ ಹಿಡಿದು ಸುತ್ತುವ ಒಬ್ಬ ಮನುಷ್ಯ. ಉಳಿದ ಅನಿಲ ಮಾರಿದರೆ ಈ ಖರ್ಚಿನಲ್ಲಿ ಎಷ್ಟೋ ಪಾಲು ವಾಪಸು ಬರುತ್ತದೆ.

ಇಷ್ಟು ಸುಲಭವಿದ್ದೂ ಮಾಡದಿರಲು ಕಾರಣ, ಯಾರೂ ಅಳೆಯುತ್ತಿರಲಿಲ್ಲ. ಕಂಪನಿಗಳು ಒಂದು ವಾಲ್ವಿಗೆ ಇಷ್ಟು ಎಂದು ಗುಣಿಸಿ ವರದಿ ಕೊಡುತ್ತಿದ್ದವು, ಸರ್ಕಾರಗಳು ಅದನ್ನೇ ಕೂಡಿಸಿಕೊಳ್ಳುತ್ತಿದ್ದವು. ಈಗ ಮೇಲಿನಿಂದ ನೋಡುವ ಕಣ್ಣುಗಳಿವೆ. 2017ರಲ್ಲಿ ಹಾರಿದ ಐರೋಪ್ಯ ಉಪಗ್ರಹ ಸೆಂಟಿನೆಲ್-5ಪಿ ಇಡೀ ಭೂಮಿಯ ಮೀಥೇನನ್ನು ದಿನಾ ಗಮನಿಸುತ್ತದೆ. ತುರ್ಕಮೆನಿಸ್ತಾನದ ಹಳೆಯ ಅನಿಲ ಕ್ಷೇತ್ರಗಳ ಮೇಲೆ ಎದ್ದ ದೊಡ್ಡ ದೊಡ್ಡ ಮೋಡಗಳು ಜಗತ್ತಿನ ಕಣ್ಣಿಗೆ ಬಿದ್ದದ್ದು ಇಂಥ ಉಪಗ್ರಹಗಳಿಂದ. 2023ರಲ್ಲಿ ಕಜಕಿಸ್ತಾನದ ಒಂದು ಬಾವಿ ಸ್ಫೋಟಗೊಂಡು ಆರು ತಿಂಗಳಿಗೂ ಹೆಚ್ಚು ಕಾಲ ಉಗುಳಿದ ಮೀಥೇನು ಒಂದು ಲಕ್ಷ ಟನ್ನಿಗೂ ಮಿಗಿಲು ಎಂದು ಹೊರಗಿನವರು ಲೆಕ್ಕ ಹಾಕಿದ್ದೂ ಹಾಗೆಯೇ. ತೈಲಕ್ಷೇತ್ರಗಳ ಮೇಲೆಯೇ ಕಣ್ಣಿಡಲೆಂದು ಅಮೆರಿಕದ ಪರಿಸರ ಸಂಘಟನೆಯೊಂದು 2024ರಲ್ಲಿ ಮೀಥೇನ್‌ಸ್ಯಾಟ್ ಹಾರಿಸಿತ್ತು. ಮರುವರ್ಷ ಜೂನಿನಲ್ಲಿ ಅದು ಸಂಪರ್ಕ ಕಡಿದುಕೊಂಡು ಕೈಕೊಟ್ಟಿತು. ಕೆಲವು ಕಂಪನಿಗಳಲ್ಲಿ ಅಂದು ಯಾರೂ ಅತ್ತಿರಲಾರರು.

ಮತ್ತೆ ನಾರ್ವೆಗೆ ಬರೋಣ. ಸುಡುವುದನ್ನು ನಿಲ್ಲಿಸಿ, ಸೋರುವುದನ್ನು ಮುಚ್ಚಿದ ಮೇಲೂ ಅವರ ಪ್ಲಾಟ್‌ಫಾರ್ಮುಗಳಿಂದ ಹೊಗೆ ಬರುತ್ತಲೇ ಇತ್ತು. ಕಾರಣ, ಟರ್ಬೈನು. ಕಡಲ ನಡುವೆ ಒಂದು ಪುಟ್ಟ ಪಟ್ಟಣಕ್ಕೆ ಬೇಕಾದಷ್ಟು ವಿದ್ಯುತ್ ಬೇಕು. ಪಂಪು, ಕಂಪ್ರೆಸರು, ಡ್ರಿಲ್ಲು, ಜನರಿರುವ ಕೋಣೆಗಳು. ಅಲ್ಲೇ ಸಿಗುವ ಅನಿಲ ಸುಟ್ಟು ಟರ್ಬೈನು ಓಡಿಸುತ್ತಾರೆ. ಜಾಗ ಕಡಿಮೆ, ತೂಕ ಕಡಿಮೆ ಇರಬೇಕು ಎಂದು ಚಿಕ್ಕ ಸರಳ ಟರ್ಬೈನುಗಳನ್ನೇ ಇಡುವುದರಿಂದ ಇಂಧನದ ಮೂರನೇ ಒಂದು ಪಾಲಷ್ಟೇ ವಿದ್ಯುತ್ತಾಗುತ್ತದೆ. ನಾರ್ವೆಯ ತೈಲೋದ್ಯಮ ವರ್ಷಕ್ಕೆ ಬಿಡುವ ಸುಮಾರು 1.1 ಕೋಟಿ ಟನ್ನಿನಲ್ಲಿ ಬಹುಪಾಲು ಈ ಟರ್ಬೈನುಗಳದೇ. ದೇಶದ ಒಟ್ಟು ಹೊರಸೂಸುವಿಕೆಯ ಕಾಲುಭಾಗ ಅದು.

ಪರಿಹಾರ ಹೊಳೆಯುವುದು ಕಷ್ಟವಲ್ಲ. ನಾರ್ವೆಯ ದಡದಲ್ಲಿ ಜಲವಿದ್ಯುತ್ ಹೇರಳ. ಕಡಲಡಿಯಲ್ಲಿ ಕೇಬಲ್ ಎಳೆಯಿರಿ. 1996ರಲ್ಲಿ ಉತ್ಪಾದನೆ ಶುರುಮಾಡಿದ ಟ್ರೋಲ್ ಎ ಪ್ಲಾಟ್‌ಫಾರ್ಮ್ ಮೊದಲ ದಿನದಿಂದ ದಡದ ಕರೆಂಟಿನಲ್ಲೇ ನಡೆಯುತ್ತಿದೆ. 472 ಮೀಟರ್ ಎತ್ತರದ ಕಾಂಕ್ರೀಟ್ ದೈತ್ಯ ಅದು, ನಿಲ್ಲಿಸಿಕೊಂಡೇ ಕಡಲಿಗೆ ಎಳೆದೊಯ್ದರು. 2019ರಲ್ಲಿ ಶುರುವಾದ ಯೋಹಾನ್ ಸ್ವೆರ್‌ಡ್ರುಪ್ ಕ್ಷೇತ್ರಕ್ಕೆ ದಡದಿಂದ 200 ಕಿಲೋಮೀಟರ್ ಕೇಬಲ್. ದಿನಕ್ಕೆ 7 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಕೊಟ್ಟ ಕ್ಷೇತ್ರ. ಒಂದು ಬ್ಯಾರೆಲ್ ಎತ್ತಲು ಆಗುವ ಇಂಗಾಲದ ಖರ್ಚು ಒಂದು ಕೆಜಿಗಿಂತ ಕಡಿಮೆ ಎಂದು ಈಕ್ವಿನಾರ್ ಹೇಳಿಕೊಳ್ಳುತ್ತದೆ. ಜಾಗತಿಕ ಸರಾಸರಿ 15 ಕೆಜಿ ಆಸುಪಾಸು. ಸ್ನೋರೆ, ಗುಲ್‌ಫಾಕ್ಸ್ ಕ್ಷೇತ್ರಗಳಿಗೆ ತೇಲುವ ಗಾಳಿಯಂತ್ರ. 11 ಯಂತ್ರ, 88 ಮೆಗಾವಾಟ್, ಕೆಳಗೆ 260 ಮೀಟರಿಗೂ ಹೆಚ್ಚು ನೀರು. ಹೈವಿಂಡ್ ಟಾಂಪೆನ್ ಎಂಬ ಈ ಗಾಳಿ ತೋಟದ ಉದ್ಘಾಟನೆ 2023ರಲ್ಲಿ ಆಯಿತು. ಐದು ಪ್ಲಾಟ್‌ಫಾರ್ಮುಗಳ ಬೇಡಿಕೆಯಲ್ಲಿ ಮೂರನೇ ಒಂದು ಪಾಲನ್ನು ಅದು ತುಂಬುತ್ತದೆ. ಗಾಳಿ ಬಿದ್ದ ದಿನ ಹಳೆಯ ಟರ್ಬೈನೇ ಗತಿ.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಉತ್ತರ ತುದಿಯ ಹ್ಯಾಮರ್‌ಫೆಸ್ಟ್ ಊರಿನವರನ್ನು ಕೇಳಿದರೆ ಬೇರೆಯದೇ ಹೇಳುತ್ತಾರೆ. ಊರಿನ ಎದುರಿನ ಮೆಲ್ಕೋಯಾ ದ್ವೀಪದಲ್ಲಿ ಅನಿಲವನ್ನು ದ್ರವವಾಗಿಸುವ ಸ್ಥಾವರವಿದೆ. ಅದರ ಟರ್ಬೈನು ನಿಲ್ಲಿಸಿ ಜಾಲದ ಕರೆಂಟು ಕೊಟ್ಟರೆ ವರ್ಷಕ್ಕೆ 8.5 ಲಕ್ಷ ಟನ್ ಉಳಿತಾಯ, ಇಡೀ ದೇಶದ ಹೊರಸೂಸುವಿಕೆಯಲ್ಲಿ ನೂರಕ್ಕೆ ಎರಡು ಪಾಲು. 2023ರ ಆಗಸ್ಟಿನಲ್ಲಿ ಸರ್ಕಾರ ಒಪ್ಪಿತು. ಆದರೆ ಅಷ್ಟು ವಿದ್ಯುತ್ತಿಗೆ ಹೊಸ ಲೈನು, ಹೊಸ ಗಾಳಿಯಂತ್ರಗಳು ಬೇಕು. ಅವು ಬರುವುದು ಸಾಮಿ ಜನ ಹಿಮಸಾರಂಗ ಮೇಯಿಸುವ ಬಯಲುಗಳಲ್ಲಿ. ನಮ್ಮ ಹುಲ್ಲುಗಾವಲು ಕೊಟ್ಟು ಅನಿಲ ಕಂಪನಿಯ ಲೆಕ್ಕಪುಸ್ತಕ ಹಸಿರು ಮಾಡಬೇಕೇ ಎಂಬುದು ಅವರ ಪ್ರಶ್ನೆ. ಉಳಿದ ಜನರ ತಕರಾರು ಕರೆಂಟ್ ಬಿಲ್ಲಿನದು. ಇನ್ನೊಂದು ತಕರಾರು ಇದಕ್ಕಿಂತ ಮೊನಚು. ಟರ್ಬೈನಿಗೆ ಸುಡದೆ ಉಳಿದ ಅನಿಲ ಏನಾಗುತ್ತದೆ? ಹಡಗೇರಿ ಗಿರಾಕಿಯ ಒಲೆಯಲ್ಲಿ ಉರಿಯುತ್ತದೆ. ಹೊಗೆ ನಾರ್ವೆಯ ಲೆಕ್ಕದಿಂದ ಗಿರಾಕಿಯ ಲೆಕ್ಕಕ್ಕೆ ವರ್ಗವಾಯಿತು. ಆ ಅನಿಲ ಅಲ್ಲೊಂದು ಕಲ್ಲಿದ್ದಲಿನ ಉರಿ ತಪ್ಪಿಸಿದರೆ ಲಾಭ, ಇಲ್ಲವಾದರೆ ಜಗತ್ತಿಗೆ ದಕ್ಕಿದ್ದು ಅಷ್ಟಕ್ಕಷ್ಟೆ. ನನಗೆ ಈ ಮಾತಿನಲ್ಲಿ ಹುರುಳು ಕಾಣುತ್ತದೆ. ಎತ್ತಲು ಒಂದು ಕೆಜಿ ಖರ್ಚಾದ ಅದೇ ಬ್ಯಾರೆಲ್ ಉರಿದಾಗ ಹೊರಬರುವುದು 400 ಕೆಜಿಗೂ ಹೆಚ್ಚು ಎಂಬುದನ್ನು ಮರೆತು 'ಶುದ್ಧ ಎಣ್ಣೆ' ಎಂದು ಜಾಹೀರಾತು ಕೊಡುವವರ ಬಗ್ಗೆ ಅನುಮಾನವಿರಬೇಕು. ಹಾಗೆಂದು ಆ ಹದಿನೈದು ಕೆಜಿಯನ್ನು ಬಿಟ್ಟುಬಿಡಿ ಎನ್ನಲೂ ಆಗದು. ಎಣ್ಣೆ ನಾಳೆಯೇ ನಿಲ್ಲುವುದಿಲ್ಲ, ಇದಾದರೋ ಇಂದೇ ನಿಲ್ಲಿಸಬಹುದಾದದ್ದು.

ಸ್ಲೈಪ್ನರ್ ಮಾದರಿ ಎಲ್ಲ ಕಡೆ ಕೈಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ನಾರ್ವೆಯದೇ ಸ್ನೋವಿಟ್ ಕ್ಷೇತ್ರದಲ್ಲಿ ಆರಿಸಿದ ಪದರ ಬೇಗ ಒತ್ತಡ ಏರಿಸಿಕೊಂಡು, ಬೇರೆ ಪದರಕ್ಕೆ ಬದಲಾಯಿಸಬೇಕಾಯಿತು. ಆಸ್ಟ್ರೇಲಿಯಾದ ಗೋರ್ಗನ್‌ನಲ್ಲಿ ಅನಿಲ ಮಾರಾಟ 2016ರಲ್ಲೇ ಶುರುವಾದರೂ ಇಂಗಾಲ ಹೂಳುವ ಕೆಲಸಕ್ಕೆ 2019ರ ಆಗಸ್ಟ್ ಬರಬೇಕಾಯಿತು. ಆಮೇಲೂ ಮಾತುಕೊಟ್ಟ ಪ್ರಮಾಣ ಮುಟ್ಟಿಲ್ಲ. ನೆಲದಡಿಯ ಕಲ್ಲು ನಕ್ಷೆಯಲ್ಲಿ ಬರೆದ ಹಾಗೆ ನಡೆದುಕೊಳ್ಳುವುದಿಲ್ಲ. ನಂಬಿಕೆ ಇಡುವುದಾದರೆ ಸ್ಪ್ಯಾನರಿನ ಮೇಲೆ ಮೊದಲು, ಹೂಳುವುದರ ಮೇಲೆ ಆಮೇಲೆ.

ದುಡ್ಡಿನ ಮಾತು: ಎಣ್ಣೆ, ಅನಿಲ ಎತ್ತಿ ಸಾಗಿಸುವಾಗ ಆಗುವ ಹೊರಸೂಸುವಿಕೆಯನ್ನು 2030ರೊಳಗೆ ಅರ್ಧಕ್ಕಿಂತ ಕೆಳಗಿಳಿಸಲು ಸುಮಾರು 60,000 ಕೋಟಿ ಡಾಲರ್ ಬೇಕೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಅಂದಾಜಿಸಿತು. 2022ರ ಒಂದೇ ವರ್ಷ ಈ ಉದ್ಯಮ ಗಳಿಸಿದ್ದು 4 ಲಕ್ಷ ಕೋಟಿ ಡಾಲರ್. ಬಡತನದ ನೆಪ ನಡೆಯುವುದಿಲ್ಲ.

ನಮ್ಮ ದೇಶದ ಲೆಕ್ಕ? 1974ರಲ್ಲಿ ಪತ್ತೆಯಾದ ಮುಂಬೈ ಹೈ ತೈಲಕ್ಷೇತ್ರದಲ್ಲೂ ಮೊದಮೊದಲು ಕೊಳವೆಯಿಲ್ಲದೆ ಅನಿಲ ಸುಟ್ಟರು. ಹಜೀರಾದಿಂದ ಜಗದೀಶಪುರಕ್ಕೆ ಪೈಪ್‌ಲೈನ್ ಬಂದು ಗೊಬ್ಬರ ಕಾರ್ಖಾನೆಗಳು ಗಿರಾಕಿಗಳಾದ ಮೇಲೆ ಅದಕ್ಕೊಂದು ದಾರಿಯಾಯಿತು. ಒಎನ್‌ಜಿಸಿ ತನ್ನ ಕಾರ್ಯಾಚರಣೆಯ ಹೊರಸೂಸುವಿಕೆಯನ್ನು 2038ಕ್ಕೆ ಸೊನ್ನೆಗೆ ತರುತ್ತೇನೆಂದಿದೆ, ಆಯಿಲ್ ಇಂಡಿಯಾ 2040ಕ್ಕೆ. ಒಳ್ಳೆಯದೇ. ಆದರೆ ನಾವು ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. ಅದರಲ್ಲಿ ದೊಡ್ಡ ಪಾಲು ಬರುವುದು ರಷ್ಯಾ, ಇರಾಕ್‌ಗಳಿಂದ, ಮೇಲಿನ ಒಂಬತ್ತು ದೇಶಗಳ ಪಟ್ಟಿಯಲ್ಲಿ ಎರಡೂ ಇವೆ. ಒಎನ್‌ಜಿಸಿಯದೇ ಅಂಗಸಂಸ್ಥೆಯಾದ ಎಂಆರ್‌ಪಿಎಲ್ ಮಂಗಳೂರಿನಲ್ಲಿ ವರ್ಷಕ್ಕೆ 1.5 ಕೋಟಿ ಟನ್ ಸಂಸ್ಕರಿಸಬಲ್ಲದು. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಪೈಪ್‌ಲೈನಿನ ಅನಿಲ ಅದರ ಕುಲುಮೆಗಳಿಗೂ ಬರುತ್ತದೆ. ಹಳೆಯ ಕೊಳಕು ಇಂಧನಕ್ಕಿಂತ ವಾಸಿ. ಬೇಲಿಯೊಳಗಿನ ಹೊಗೆಯನ್ನು ಹೀಗೆ ಇಳಿಸಬಹುದು. ಬೇಲಿಯಾಚೆ, ಇರಾಕಿನ ಬಸ್ರಾದ ಮರಳಿನಲ್ಲಿ ಉರಿದದ್ದನ್ನು?

ಕೊಳ್ಳುವವನ ಕೈಯಲ್ಲೂ ಒಂದು ಅಸ್ತ್ರವಿದೆ. 2024ರಲ್ಲಿ ಐರೋಪ್ಯ ಒಕ್ಕೂಟ ಮಾಡಿದ ಮೀಥೇನ್ ಕಾನೂನಿನ ಪ್ರಕಾರ, ಆಮದಾಗುವ ಎಣ್ಣೆ ಅನಿಲಗಳ ಬಾವಿಗಳಲ್ಲೂ ತಮ್ಮಲ್ಲಿರುವಷ್ಟೇ ಕಟ್ಟುನಿಟ್ಟಿನ ಅಳತೆ, ವರದಿ ನಡೆದಿದೆಯೆಂದು 2027ರಿಂದ ಆಮದುದಾರರು ತೋರಿಸಬೇಕು. ಇದನ್ನು ಸಡಿಲಿಸಿ ಎಂದು ಮಾರುವ ದೇಶಗಳು ಈಗಾಗಲೇ ಒತ್ತಡ ಹಾಕುತ್ತಿವೆ. ಭಾರತದಲ್ಲಿ ಇಂಥ ಕಾನೂನಿಲ್ಲ. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಹೊರಟ ಮೀಥೇನ್ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. ನಮ್ಮ ದನ ಮತ್ತು ಭತ್ತದ ಗದ್ದೆಗಳ ಮೀಥೇನು ನೆನೆದರೆ ಆ ಹಿಂಜರಿಕೆ ಅರ್ಥವಾಗುತ್ತದೆ, ಬಾವಿಗಳ ವಿಚಾರದಲ್ಲಿ ಅರ್ಥವಾಗುವುದಿಲ್ಲ. ಮಂಗಳೂರಿನ ಕಡಲಲ್ಲಿ ಲಂಗರು ಹಾಕುವ ಟ್ಯಾಂಕರಿನ ಎಣ್ಣೆಯಲ್ಲಿ ಗಂಧಕ ಎಷ್ಟು, ಸಾಂದ್ರತೆ ಎಷ್ಟು ಎಂದು ಪರೀಕ್ಷಿಸಿಯೇ ದರ ಕಟ್ಟುತ್ತಾರೆ. ಅದನ್ನು ಎತ್ತುವಾಗ ಎಷ್ಟು ಅನಿಲ ಸುಟ್ಟಿರಿ, ಎಷ್ಟು ಸೋರಿಸಿದಿರಿ ಎಂದು ಕೇಳಿ ದರ ಇಳಿಸುವ ಗಿರಾಕಿ ನಾವಿನ್ನೂ ಆಗಿಲ್ಲ.